ಆಯ ಬ್ಯಾಡ್ರಿ, ಮುಯ್ಯಾಳು ಬರ್ರಿ

ಜೋಳಕ್ಕೆ ಕಾಡಿಗೆ ರೋಗ ಬಂದರೆ ಏನಾಗುತ್ತದೆ ಎಂದು ನಿಮಗೆ ಬೇರೆ ಹೇಳಬೇಕೆ? ದೂರದಿಂದ ನೋಡಿದರೆ ತೆನೆ ತುಂಬಿ ನಿಂತಿರುತ್ತದೆ. ಹತ್ತಿರ ಹೋಗಿ ಕಾಳು ಹಿಸುಕಿದರೆ ಬೆರಳಿಗೆಲ್ಲ ಕರೀ ಪುಡಿ. ರೊಟ್ಟಿಗೂ ಬಾರದು, ಮಾರಲಿಕ್ಕೂ ಬಾರದು. ಹುಬ್ಬಳ್ಳಿ-ಧಾರವಾಡದ ಸುತ್ತಿನ ಕರೀ ಮಣ್ಣಿನ ಯರಿ ಹೊಲದವರಲ್ಲಿ ಯಾರನ್ನು ಕೇಳಿದರೂ, "ಅಯ್ಯ, ಅದರ ಸುದ್ದಿ ತಗೀಬ್ಯಾಡ್ರಿ" ಎನ್ನುತ್ತಾರೆ.

ಹೆಬ್ಬಳ್ಳಿಯಿಂದ ಎರಡು ಹರದಾರಿ ಆಚೆ ಇರುವ ಮಸಬಿನಕೊಪ್ಪದಲ್ಲಿ ಮಾತ್ರ ನಾಲ್ಕೈದು ವರ್ಷದಿಂದ ಈ ಸುದ್ದಿಯೇ ಇರಲಿಲ್ಲ. ಅದಕ್ಕೆ ಕಾರಣ ಬೀರಪ್ಪ. ಎಂಟು ಎಕರೆ ಯರಿ ಹೊಲದ ರೈತ, ಮಾತು ಕಡಿಮೆ, ಕೆಲಸ ಹೆಚ್ಚು. 1959ರಲ್ಲಿ ತಾಲೂಕಿನ ಅಭಿವೃದ್ಧಿ ಯೋಜನೆಯವರು ಊರಿಗೊಬ್ಬ ರೈತನನ್ನು ಆರಿಸಿ ಮೂರು ದಿನದ ಶಿಬಿರ ಮಾಡಿದ್ದರು. ಬೀರಪ್ಪ ಹೋಗಿ ಕಲಿತು ಬಂದ. ಬಿತ್ತುವ ಮುಂಚೆ ಬೀಜವನ್ನು ಗಡಿಗೆಗೆ ಹಾಕಬೇಕು, ಹಿಟ್ಟಿನಂಥ ಸಣ್ಣ ಗಂಧಕದ ಪುಡಿಯನ್ನು ಅಳತೆ ಮಾಡಿ ಬೆರೆಸಬೇಕು, ಬಾಯಿಗೆ ಅರಿವೆ ಕಟ್ಟಿ ಚೆನ್ನಾಗಿ ಅಲುಗಾಡಿಸಬೇಕು. ಒಂದೊಂದು ಕಾಳಿಗೂ ಪುಡಿ ಹತ್ತಬೇಕು. ಅಷ್ಟೇ ವಿದ್ಯೆ. ಕಲಿತವನು ಸಂಬಳವಿಲ್ಲದೆ ತನ್ನೂರಿನವರಿಗೆ ಕಲಿಸಬೇಕು, ಅದೇ ಕರಾರು.

ಯೋಜನೆ ಇದ್ದಷ್ಟು ದಿನ ಬೀರಪ್ಪನಿಗೆ ಹುರುಪಿತ್ತು. ಬಿತ್ತುವ ಕಾಲಕ್ಕೆ ಜೀಪು ಬಂದು ಗಂಧಕದ ಡಬ್ಬಿ ಇಳಿಸಿ ಹೋಗುತ್ತಿತ್ತು. ತಿಂಗಳಿಗೊಮ್ಮೆ ಹತ್ತೂರಿನ ಇಂಥ ರೈತರು ಹೆಬ್ಬಳ್ಳಿಯಲ್ಲಿ ಕೂಡುತ್ತಿದ್ದರು. ಚುರಮುರಿ ತಿಂದು, ಚಹಾ ಕುಡಿದು, "ನಿಮ್ಮೂರಾಗ ಹ್ಯಾಂಗಾತು, ನಮ್ಮೂರಾಗ ಹಿಂಗಾತು" ಎಂದು ಮಾತಾಡಿ ಬರುತ್ತಿದ್ದರು. ಆ ಕೂಟದಿಂದ ಬಂದ ದಿನ ಬೀರಪ್ಪ ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಾನೆ ಎಂದು ಅವನ ಹೆಂಡತಿ ಸಾವಕ್ಕನೇ ಹೇಳುತ್ತಿದ್ದಳು.

ಸಾವಕ್ಕನ ಬಾಯಿ ಸ್ವಲ್ಪ ಜೋರು. ಆದರೆ ಸುಳ್ಳು ಮಾತಾಡುವ ಹೆಣ್ಣುಮಗಳಲ್ಲ. ಗಂಡ ಊರವರ ಹೊಲ ನೋಡಲು ಹೋದಾಗ ಎತ್ತಿಗೆ ಮೇವು ಹಾಕುವವಳು ಅವಳು, ಕಳೆ ತೆಗೆಯುವವಳು ಅವಳು, ಬಾಗಿಲಿಗೆ ಬಂದವರಿಗೆ ಚಹಾ ಕಾಸುವವಳೂ ಅವಳೇ. ಹಾಗಾಗಿ ಒಂದು ಗಾದೆ ಅವಳ ನಾಲಿಗೆಯ ತುದಿಯಲ್ಲಿಯೇ ಇರುತ್ತಿತ್ತು: "ಮನಿಗೆ ಮಾರಿ, ಊರಿಗೆ ಉಪಕಾರಿ."

1964ರ ಮಾರ್ಚಿಗೆ ಯೋಜನೆಯ ಮುದ್ದತ್ತು ಮುಗಿಯಿತು. ಗ್ರಾಮಸೇವಕರು ಬೇರೆ ಕಡೆಗೆ ವರ್ಗವಾಗಿ ಹೋದರು. ಜೀಪು ಬರುವುದು ನಿಂತಿತು, ಹೆಬ್ಬಳ್ಳಿಯ ಕೂಟವೂ ನಿಂತಿತು.

"ಇನ್ನರೆ ಸುಮ್ನ ಮನಿ ನೋಡಕೊಂಡು ಇರ್ರಿ," ಎಂದಳು ಸಾವಕ್ಕ. "ಕಲಸ್ರಿ ಅಂದವ್ರ ಎದ್ದು ಹೋದ್ರು. ನಿಮಗ್ಯಾಕ ಬೇಕು ಊರ ಉಸಾಬರಿ?"

"ಅವ್ರು ಹೋದ್ರು ಅಂತ ರೋಗಾನೂ ಅವ್ರ ಹಿಂದ ಹೋಗತೈತೇನು?" ಎಂದ ಬೀರಪ್ಪ.

ಹೀಗೆಂದನೇ ಹೊರತು ಅವನ ದನಿಯಲ್ಲಿ ಮೊದಲಿನ ಹುರುಪಿರಲಿಲ್ಲ. ಹುಬ್ಬಳ್ಳಿ ಸಂತೆಗೆ ಹೋದಾಗ ಗಂಧಕವನ್ನೇನೋ ತಾನೇ ಹೊತ್ತು ತಂದ. ಆದರೆ ಮೊದಲಿನ ಹಾಗೆ ಬಂದು ಸುದ್ದಿ ಹೇಳುತ್ತಿರಲಿಲ್ಲ. ಊಟಕ್ಕೆ ಕೂತರೆ ತಲೆ ಎತ್ತುತ್ತಿರಲಿಲ್ಲ. ಸಾವಕ್ಕನಿಗೆ ಒಳಗೊಳಗೇ ಕೆಡುಕೆನಿಸುತ್ತಿತ್ತು.

ಊರವರಿಗೂ ಇದು ಗೊತ್ತಾಯಿತು. ಪಂಚಮಿ ಹಬ್ಬ ಮುಗಿದ ಮೇಲೆ ಒಂದು ದಿನ ಚಾವಡಿಯಲ್ಲಿ ಹಿರಿಯರು ಕೂತರು. ಎಲ್ಲರಿಗಿಂತ ಹಿರಿಯ ಗುರುಶಿದ್ದಪ್ಪ ಮಾತು ತೆಗೆದ.

"ಬೀರಪ್ಪ ನಮ್ಮ ಸಲುವಾಗಿ ದುಡೀತಾನ. ಸರಕಾರ ಕೈ ಬಿಡ್ತು ಅಂತ ನಾವೂ ಬಿಟ್ರ ಛಲೋ ಕಾಣಂಗಿಲ್ಲ. ಬಡಿಗ್ಯಾಗ, ಕಮ್ಮಾರಗ ಆಯಾ ಕೊಡೂದಿಲ್ಲೇನು? ಹಂಗ ಇವಗೂ ಒಂದು ಆಯಾ ಕೊಡೂಣು."

ಬಿತ್ತುವ ಕೂರಿಗೆ ಮಾಡಿಕೊಡುವ ಬಡಿಗ, ಕುಡುಗೋಲು ಹಣಿದು ಹರಿತ ಮಾಡಿ ಕೊಡುವ ಕಮ್ಮಾರ, ಇಂಥವರಿಗೆ ಸುಗ್ಗಿಯಲ್ಲಿ ಪ್ರತಿ ರೈತನೂ ಕಣದಲ್ಲಿಯೇ ಕಾಳು ಅಳೆದು ಕೊಡುತ್ತಾನಲ್ಲ, ಅದೇ ಆಯ. ಅಪ್ಪ-ಅಜ್ಜನ ಕಾಲದಿಂದ ಬಂದ ಪದ್ಧತಿ. "ಖರೇ ಮಾತು, ಖರೇ ಮಾತು" ಎಂದು ಎಲ್ಲರೂ ತಲೆಯಾಡಿಸಿದರು. ಸಾವಕ್ಕನಿಗೂ ಖುಷಿಯಾಯಿತು. ಇಷ್ಟು ವರ್ಷಕ್ಕಾದರೂ ಊರಿನ ಕಣ್ಣು ತೆರೆಯಿತಲ್ಲ ಎಂದುಕೊಂಡಳು.

ಮಸಬಿನಕೊಪ್ಪದವರು ತಪ್ಪಿದ್ದು ಇಲ್ಲೇ ನೋಡಿ. ಕೆಟ್ಟ ಮನಸ್ಸಿನಿಂದ ತಪ್ಪಿದ್ದರೆ ಬೈಯಬಹುದಿತ್ತು. ಒಳ್ಳೇ ಮನಸ್ಸಿನಿಂದಲೇ ತಪ್ಪಿದರು, ಅವರಿಗೇನೆನ್ನೋಣ?

ಉತ್ತರಿ ಮಳೆ ಹದವಾಗಿ ಬಿತ್ತು. ಯರಿ ಮಣ್ಣು ನೀರು ಕುಡಿದು ಕೂತಿತು. ಹಿಂಗಾರಿ ಜೋಳ ಬಿತ್ತುವ ಕಾಲ. ಯರಿ ಹೊಲದ ಗುಣ ನಿಮಗೆ ಗೊತ್ತೇ ಇದೆ. ಹದ ಇದ್ದಾಗ ಬಿತ್ತಿದರೆ ಬಂಗಾರ. ನಾಲ್ಕು ದಿನ ತಡವಾಗಿ ಮೇಲಿನ ಮಣ್ಣು ಒಣಗಿತೋ, ಬೀಜ ಮಣ್ಣಲ್ಲೇ ಮಲಗುತ್ತದೆ.

ಮಳೆ ನಿಂತ ಮರುದಿನ ಬೆಳಿಗ್ಗೆ ಸಾವಕ್ಕ ಬಾಗಿಲು ತೆರೆದಳು. ಕಟ್ಟೆಯ ಮೇಲೆ ಒಂದು ಬೀಜದ ಚೀಲ ಕೂತಿತ್ತು. ಕಸ ಹೊಡೆಯುವುದರೊಳಗೆ ಮತ್ತೊಂದು ಬಂತು. ಹೊತ್ತೇರುವ ಹೊತ್ತಿಗೆ ಹದಿನೆಂಟು ಚೀಲ.

"ಸಾವಕ್ಕಾ, ನಮ್ಮ ಬೀಜಾ ಇಟ್ಟೇನಿ ನೋಡವಾ. ಬೀರಪ್ಪಗ ಗಂಧಕಾ ಹಚ್ಚಿ ಇಡಾಕ ಹೇಳು. ಮಧ್ಯಾಹ್ನ ಒಯ್ತೇನಿ," ಎಂದು ಹೇಳಿ ಒಬ್ಬರು ಹೋದರು.

"ನೀವೂ ಕುಂದರ್ರಿ. ಗಡಿಗಿ ಹಿಡೀರಿ," ಎಂದಳು ಸಾವಕ್ಕ ಮತ್ತೊಬ್ಬರಿಗೆ.

"ನಾವ್ಯಾಕವಾ? ಆಯಾ ಕೊಡತೇವಲಾ!" ಎಂದರು ಅವರು ನಗುತ್ತ.

ಹಿಂದಿನ ವರ್ಷಗಳಲ್ಲಿ ಹೀಗಿರಲಿಲ್ಲ. ಬೀರಪ್ಪ ಮನೆ ಮನೆಗೆ ಹೋಗಿ ತೋರಿಸುತ್ತಿದ್ದ. ಮನೆಯವರೂ ಜೊತೆಗೆ ಕೂತು ಗಡಿಗೆ ಅಲುಗಾಡಿಸುತ್ತಿದ್ದರು. ಇನ್ನೆರಡು ವರ್ಷ ಹಾಗೆಯೇ ನಡೆದಿದ್ದರೆ ಊರಿಗೆ ಊರೇ ಕಲಿಯುತ್ತಿತ್ತು. ಆಯ ಎಂದ ಕೂಡಲೇ ಎಲ್ಲರ ಕೈಯೂ ಹಿಂದಕ್ಕೆ ಸರಿಯಿತು. ಬಡಿಗ ಕೂರಿಗೆ ಕೆತ್ತುವಾಗ ಯಾರಾದರೂ ಉಳಿ ಹಿಡಿಯುತ್ತಾರೆಯೇ?

ಬೀರಪ್ಪ ಎರಡು ದಿನ ಕೂತಲ್ಲಿಂದ ಏಳಲಿಲ್ಲ. ಗಡಿಗೆ ಅಲುಗಾಡಿಸಿ ಅಲುಗಾಡಿಸಿ ರಟ್ಟೆ ಬಿದ್ದು ಹೋಯಿತು. ಸಾವಕ್ಕ ಅವನ ಜೊತೆ ಕೂತು ಅರಿವೆ ಕಟ್ಟಿದಳು, ಬಿಚ್ಚಿದಳು. ಊರವರ ಕೂರಿಗೆಗಳು ಒಂದೊಂದಾಗಿ ಹೊಲಕ್ಕೆ ಹೊರಟವು. ಬೀರಪ್ಪನ ಎತ್ತುಗಳು ಮಾತ್ರ ಕೊಟ್ಟಿಗೆಯಲ್ಲಿಯೇ ನಿಂತಿದ್ದವು.

ಮೂರನೆಯ ದಿನ ಬೆಳಿಗ್ಗೆ ಬೀರಪ್ಪ ತನ್ನ ಹೊಲಕ್ಕೆ ಹೋಗಿ ಮಣ್ಣು ಮುಟ್ಟಿ ಬಂದ.

"ಹ್ಯಾಂಗೈತಿ?" ಎಂದಳು ಸಾವಕ್ಕ.

"ಮ್ಯಾಲ ಆರಾಕತ್ತೈತಿ. ಇನ್ನ ಎರಡು ದಿನ ತಡೀಬಹುದು. ಮುಂದ ಇಲ್ಲ."

ಅವರದು ಒಂದೇ ಜೋಡೆತ್ತು. ಎಂಟು ಎಕರೆ ಬಿತ್ತಲು ಎರಡು ದಿನ ಪೂರ್ತಿ ಬೇಕು. ಕಟ್ಟೆಯ ಮೇಲೆ ಇನ್ನೂ ಆರು ಮನೆಯ ಬೀಜವಿತ್ತು. ಅಷ್ಟರಲ್ಲಿ ಆಚೆ ಓಣಿಯ ಯಮನಪ್ಪ ಬಂದ. ಅವನ ಚೀಲ ಇನ್ನೂ ಕಟ್ಟಿದ ಹಾಗೇ ಇತ್ತು.

"ಏನ್ ಬೀರಪ್ಪ ಇದು? ನಿನ್ನೆ ಒಯ್ಯಬೇಕಾಗಿತ್ತು ನಾ. ಆಯಾ ತಗೋಳಾವ್ರು ಲಗೂ ಮಾಡಿ ಕೊಡಬೇಕಪಾ!"

ಬೀರಪ್ಪ ಕೈಯಲ್ಲಿದ್ದ ಗಡಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟ. ಯಮನಪ್ಪ ಗೊಣಗುತ್ತ ಹೋದ ಮೇಲೆ, "ಸಾವಿ, ಇದ ಕಡೀದು," ಎಂದ. "ಈ ಆರು ಮನೀದು ಮುಗಿಸಿ ಕೊಟ್ಟು ಕೈ ತೊಳಕೋತೇನಿ. ಬರೂ ವರ್ಷದಿಂದ ಯಾರ ಬೀಜಾನೂ ಮುಟ್ಟಂಗಿಲ್ಲ."

ಸಾವಕ್ಕ ಐದು ವರ್ಷದಿಂದ ಕೇಳಬೇಕೆಂದಿದ್ದ ಮಾತು ಇದೇ. ಈಗ ಕೇಳಿದ ಮೇಲೆ ಸಂತೋಷವಾಗಬೇಕಿತ್ತಲ್ಲ? ಆಗಲಿಲ್ಲ. ಗಂಡನ ಮುಖ ನೋಡಲಾಗದೆ ಎದ್ದು ಹಿತ್ತಲಿಗೆ ಹೋಗಿ ಕೂತಳು.

ಅಲ್ಲಿಗೆ ಕರೀಮಾಬಿ ಬಂದಳು. ಕರೀಮಾಬಿ ಊರ ಸೂಲಗಿತ್ತಿ. ಮಸಬಿನಕೊಪ್ಪದಲ್ಲಿ ಮೂವತ್ತು ವರ್ಷದೊಳಗಿನವರು ಯಾರೇ ಇರಲಿ, ಮೊದಲು ಕಣ್ಣು ಬಿಟ್ಟದ್ದು ಅವಳ ಕೈಯಲ್ಲಿ. ಮಜ್ಜಿಗೆ ಕೇಳಲು ಬಂದವಳು ಸಾವಕ್ಕನ ಕಣ್ಣು ನೋಡಿ ಅಲ್ಲಿಯೇ ಕೂತಳು.

"ಏನಾತ ತಂಗಿ?"

"ಏನ್ ಹೇಳಲಿ ಯಕ್ಕಾ. ನಮ್ಮ ಹೊಲಾ ಆರಾಕತ್ತೈತಿ, ಇವ್ರು ಊರ ಬೀಜಾ ಹಿಡಕೊಂಡು ಕುಂತಾರ. ಮ್ಯಾಲ ಬೈಗಳಾ ಬ್ಯಾರೆ. ಸುಳ್ಳ ಹೇಳ್ಯಾರೇನು, ಊರ ಚಿಂತಿ ಮಾಡಿ ಮುಲ್ಲಾ ಸೊರಗಿದ..." ಎಂದವಳೇ ಸಾವಕ್ಕ ನಾಲಿಗೆ ಕಚ್ಚಿಕೊಂಡಳು.

ಕರೀಮಾಬಿ ಬಾಯಿತುಂಬ ನಕ್ಕಳು. "ಅನ್ನವಾ, ಅದರಾಗೇನೈತಿ. ನಮ್ಮ ಮುಲ್ಲಾ ಗುಂಡಕಲ್ಲಿನಂಗ ಅದಾನ. ಸೊರಗಿದಾಂವ ನಿನ್ನ ಗಂಡ."

ಸಾವಕ್ಕನಿಗೂ ನಗೆ ಬಂತು. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು. ಆಯದ ಮಾತು, ಚೀಲದ ರಾಶಿ, ಯಮನಪ್ಪನ ಮಾತು, ಬೀರಪ್ಪ ಕೈ ತೊಳೆದುಕೊಳ್ಳುತ್ತೇನೆ ಎಂದದ್ದು.

"ಸರಕಾರದ ಯೋಜನೆ ನಿಂತ ಮ್ಯಾಲ ಇವ್ರದೂ ನಿಲ್ಲೂದ ಬರೋಬ್ಬರಿ ಅಲ್ಲೇನ್ ಯಕ್ಕಾ?" ಎಂದಳು.

"ನನಗ ಯಾವ ಯೋಜನೆ ಇತ್ತು?" ಎಂದಳು ಕರೀಮಾಬಿ. "ಮೂವತ್ತು ವರ್ಷ ಆತು. ಕರದ್ರ ಹೊಂಟಬಿಡತೇನಿ. ಒಬ್ಬರು ಕುಬಸದ ಖಣಾ ಕೊಡತಾರ, ಒಬ್ಬರು ಎಲಿ-ಅಡಿಕಿ ಕೊಡತಾರ. ಆ ಖಣದ ಸಲುವಾಗಿ ಹೋಗತೇನೇನು ನಾ?"

"ಮತ್ಯಾಕ ಹೋಗತಿ?"

"ಹೇಳತೇನಿ ಕೇಳು. ನಾ ಹಡೇ ಮನ್ಯಾಗ ಕುಂತಾಗ ನಮ್ಮ ಎಮ್ಮಿ ಯಾರು ಹಿಂಡತಾರ? ಹೋದ ತಿಂಗಳಾ ನೀನ ಹಿಂಡಿದಿ. ಯಾರರೆ ಬಂದು ನಮ್ಮ ಮುದುಕಗ ರೊಟ್ಟಿ ಕೊಟ್ಟು ಹೋಗಿರತಾರ. ನನ್ನ ಮನಿ ನಿಂತಿರತೈತಿ ಅಂತ ನಾ ಹೊರಗ ಹೋಗತೇನಿ. ಇದು ಒಂದು. ಮತ್ತ, ಹಡದಾಕಿ ನಾಕ ತಿಂಗಳಿಗೆ ಕೂಸಿನ್ನ ತಂದು ನನ್ನ ತೊಡೀ ಮ್ಯಾಲ ಹಾಕತಾಳ. 'ನೋಡಬೇ, ನಿನ್ನ ಕೂಸು' ಅಂತಾಳ. ಅದನ್ನ ನೋಡಿದ ಮ್ಯಾಲ ಮತ್ತೊಂದು ಮನಿ ಕರದ್ರ ಹ್ಯಾಂಗ ಒಲ್ಲೆ ಅನ್ನಲಿ? ನಿನ್ನ ಗಂಡಗ ಇಷ್ಟ ವರ್ಷದಾಗ ಯಾರರೆ ಒಂದು ಛಲೋ ತೆನಿ ತಂದು ತೋರಿಸ್ಯಾರೇನು?"

ಸಾವಕ್ಕ ನೆನಪು ಮಾಡಿಕೊಂಡಳು. ಎಲೆಗೆ ಹುಳ ಬಿದ್ದಾಗ ಓಡಿ ಬಂದವರಿದ್ದರು. ಬೆಳೆ ಚೆನ್ನಾಗಿ ಬಂದಾಗ ಬಂದು ಹೇಳಿದವರು ಒಬ್ಬರೂ ಇರಲಿಲ್ಲ. ಅವಳೂ ಒಂದು ದಿನ ಗಂಡನಿಗೆ "ಛಲೋ ಕೆಲಸಾ ಮಾಡಿದ್ರಿ" ಎಂದಿರಲಿಲ್ಲ. ಎಂದದ್ದು ಮಾರಿ, ಉಪಕಾರಿ, ಅಷ್ಟೇ. ಅವಳಿಗೆ ನಾಚಿಕೆಯಾಯಿತು.

"ಆಯಾ ಕೊಡತೇವಿ ಅಂದಾರಲಾ ಯಕ್ಕಾ, ಅದೂ ಉಪಕಾರನ ಅಲ್ಲೇನು?"

"ಬಡಿಗ್ಯಾಗ ಆಯಾ ಸರಿ. ಕೂರಿಗಿ ಮಾಡೂದು ಯಮನಪ್ಪಗ ಬರಬೇಕಾಗಿಲ್ಲ. ಬೀಜಕ್ಕ ಗಂಧಕಾ ಹಚ್ಚೂದು ಬರಬೇಕೋ ಬ್ಯಾಡೋ? ನಿನ್ನ ಗಂಡ ಕಲಸಾಂವ. ಕಲಸಾವನ್ನ ಆಯಗಾರನ್ನ ಮಾಡಿದ್ರ ಕಲಿಯಾವ್ರು ಯಾರು? ನಾಳೆ ಅವ ಜಡ್ಡಿಗೆ ಬಿದ್ರ ಊರ ಬೀಜಾ ಯಾರು ನೋಡತಾರ?"

"ಹಂಗಾದ್ರ ಏನ್ ಮಾಡೂದು?"

"ಕಳೀ ತೆಗಿಯೂ ಮುಂದ ನೀವು ಹ್ಯಾಂಗ ಮಾಡತೀರಿ?"

"ಮುಯ್ಯಾಳು ಮಾಡತೇವಿ. ಇವತ್ತ ಅವ್ರು ನಮ್ಮ ಹೊಲಕ್ಕ, ನಾಳೆ ನಾವು ಅವ್ರ ಹೊಲಕ್ಕ." ಹೇಳುತ್ತ ಹೇಳುತ್ತ ಸಾವಕ್ಕನ ಕಣ್ಣರಳಿತು. "ಅಯ್ಯ ಯಕ್ಕಾ! ಇದು ನಮಗ್ಯಾಕ ಹೊಳೀಲಿಲ್ಲ?"

"ಹೊಳೀತಲಾ ಈಗ. ಮೊದಲ ಮಜ್ಜಿಗಿ ಕೊಡು, ಆಮ್ಯಾಲ ಹೋಗು," ಎಂದಳು ಕರೀಮಾಬಿ.

ಸಾವಕ್ಕ ಮಜ್ಜಿಗೆ ಕೊಟ್ಟಳು. ಕಟ್ಟೆಗೆ ಬಂದು ನೋಡಿದಳು. ಉಳಿದ ಆರು ಚೀಲದಲ್ಲಿ ಗುರುಶಿದ್ದಪ್ಪನದೂ ಒಂದಿತ್ತು. ಅದನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ಸೀದಾ ಅವರ ಮನೆಗೆ ನಡೆದಳು. ಗುರುಶಿದ್ದಪ್ಪ ಪಡಸಾಲೆಯಲ್ಲಿ ಕೂತಿದ್ದ. ಅವನ ಮುಂದೆ ಚೀಲ ಇಳಿಸಿದಳು.

"ಆತೇನವಾ ಹಚ್ಚಿದ್ದು?" ಎಂದ ಗುರುಶಿದ್ದಪ್ಪ.

"ಇಲ್ರಿ ಕಾಕಾ. ನಮಗ ನಿಮ್ಮ ಆಯಾ ಬ್ಯಾಡ್ರಿ."

ಹಿರಿಯ ಬೆಚ್ಚಿಬಿದ್ದ. "ಯಾಕಬೇ? ಕಡಿಮಿ ಆತೇನು? ಇನ್ನೊಂದಿಷ್ಟು ಹೆಚ್ಚಿಗಿ ಮಾಡೂಣಂತ."

"ಕಣಾ ಪೂರಾ ಕೊಟ್ರೂ ಬ್ಯಾಡ್ರಿ. ಆಯಾ ಅಂದ ದಿನದಿಂದ ಊರ ಮಂದಿ ಗಡಿಗಿ ಮುಟ್ಟವಲ್ರು. ಇವ್ರ ಕಲಿಸಿದ್ದೆಲ್ಲಾ ನೀರಾಗ ಹೊಂಟೈತಿ. ಊರವ್ರು ತಮ್ಮ ಹೊಲಾ ಬಿತ್ತಾಕತ್ತಾರ, ನಮ್ಮ ಹೊಲದಾಗ ಕಾಗಿ ಅಡ್ಡಾಡಾಕತ್ತಾವ. ನಾಡದು ಹದಾ ಹೋದ್ರ ವರ್ಷಪೂರ್ತಿ ನಾವು ಯಾರ ಮನ್ಯಾಗ ರೊಟ್ಟಿ ತಿನ್ನೂಣು, ನೀವ ಹೇಳ್ರಿ."

ಗುರುಶಿದ್ದಪ್ಪ ಮೀಸೆ ಸವರಿಕೊಂಡ. ಬೀರಪ್ಪನ ಹೊಲ ಬಿತ್ತಿಲ್ಲ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಯಾರೂ ಕೇಳಿರಲಿಲ್ಲ, ನೋಡಿ! ಎಲ್ಲರೂ ತಮ್ಮ ತಮ್ಮ ಚೀಲ ಕೇಳಿದ್ದರು.

"ಈಗ ಏನ್ ಮಾಡಬೇಕಂತೀ?"

"ಮುಯ್ಯಾಳು ಬರ್ರಿ. ಇವ್ರು ಒಂದು ದಿನ ಊರಿಗೆ ಕಲಸಾಕ ಕುಂದ್ರತಾರ. ಆ ದಿನದ ಬದಲಿ ಊರಿನ ಕೂರಿಗಿ ನಮ್ಮ ಹೊಲಕ್ಕ ಬರಲಿ. ಮತ್ತ ಮನಿಗೊಬ್ಬರು ತಮ್ಮ ಗಡಿಗಿ ತಗೊಂಡು ಬಂದು ತಮ್ಮ ಕೈಯಾರೆ ಹಚ್ಚಕೊಂಡು ಹೋಗ್ರಿ. ಹಚ್ಚಿಸಿಕೊಂಡು ಹೋದವ್ರೂ ಬರ್ರಿ, ಕಲಿಯಾಕ. ಇವ್ರು ತೋರಸ್ತಾರ, ಮಾಡೂದು ನೀವ."

"ಅಲ್ಲವಾ, ಬಿತ್ತೂ ಮುಂದ ಗಂಡಸ್ರಿಗೆ ಪುರುಸೊತ್ತೆಲ್ಲೈತಿ? ಸರಕಾರಿ ನೌಕರದಾರ್ರ ಕೈ ಬಿಟ್ಟ ಕೆಲಸಾ ನಾವು ಎಷ್ಟ ದಿನಾ ಹಿಡಿಯೂದು?"

ಆಗ ಒಳಗಿನಿಂದ ಅವನ ಹೆಂಡತಿ ಯಂಕವ್ವನ ದನಿ ಬಂತು. ಹಿಟ್ಟಿನ ಕೈಯಲ್ಲಿಯೇ ಹೊರಗೆ ಬಂದಳು.

"ಗಂಡಸ್ರಿಗೆ ಯಾಕ ಪುರುಸೊತ್ತು ಬೇಕು? ಛಲೋ ತೆನಿ ನೋಡಿ ಆರಿಸೂದು ನಾವು. ಬೂದಿ ಕಲಿಸಿ ಗಡಿಗ್ಯಾಗ ತುಂಬಿ ವರ್ಷಾನುಗಟ್ಟಲೆ ಬೀಜಾ ಕಾಯೂದು ನಾವು. ಗಂಧಕಾ ಹಚ್ಚೂದು ನಮಗ ಬರಂಗಿಲ್ಲೇನು? ನಾಳೆ ನಾ ಬರತೇನಿ ಸಾವಕ್ಕಾ. ಇವ್ರು ಕೂರಿಗಿ ಹೊಡಕೊಂಡು ನಿಮ್ಮ ಹೊಲಕ್ಕ ಹೋಗ್ಲಿ."

ಗುರುಶಿದ್ದಪ್ಪ ಹೆಂಡತಿಯ ಮುಖ ನೋಡಿದ, ಸಾವಕ್ಕನ ಮುಖ ನೋಡಿದ. "ಆತು ಬಿಡ್ರಿ, ಆತು," ಎಂದು ರುಮಾಲು ಸುತ್ತಿಕೊಂಡು ಚಾವಡಿಯ ಕಡೆ ಹೊರಟ.

ಮರುದಿನ ಹೊತ್ತು ಮೂಡುವಾಗ ಬೀರಪ್ಪನ ಹೊಲದಲ್ಲಿ ಮೂರು ಕೂರಿಗೆ ಹೂಡಿದವು. ಮೂರನೆಯದು ಯಮನಪ್ಪನದು. ಅವನು ಬೀರಪ್ಪನ ಬಳಿ ಬಂದು ತಪ್ಪಾಯಿತು ಎನ್ನಲಿಲ್ಲ, ಅವನ ಬಾಯಿಗೆ ಅದು ಬಾರದ ಮಾತು. "ನಿನ್ನ ಎತ್ತಿಗೆ ಇವತ್ತ ರಜಾ. ನಮ್ಮವು ಅದಾವ," ಎಂದಷ್ಟೇ ಹೇಳಿ ನೊಗದ ಮಿಣಿ ಬಿಗಿದ. ಬೀರಪ್ಪನಿಗೆ ಅಷ್ಟೇ ಸಾಕಾಯಿತು.

ಮನೆಯಂಗಳದಲ್ಲಿ ಇನ್ನೊಂದು ಗದ್ದಲ. ಹದಿನೈದು ಹೆಂಗಸರು, ಹದಿನೈದು ಗಡಿಗೆ. ಬೀರಪ್ಪ ನಡುವೆ ನಿಂತು ಒಮ್ಮೆ ತೋರಿಸಿದ. ಗಂಧಕ ಗಂಟಾಗಿದ್ದರೆ ಮೊದಲು ಅರಿವೆಯಲ್ಲಿ ಸೋಸಬೇಕು. ಅಳತೆಗಿಂತ ಕಡಿಮೆ ಹಾಕಬಾರದು. ಹಚ್ಚಿದ ಬೀಜ ಉಳಿದರೆ ಅದನ್ನು ಬೀಸಬಾರದು, ಕೋಳಿಗೂ ಹಾಕಬಾರದು. ಕೆಲಸ ಮುಗಿದ ಮೇಲೆ ಕೈ ತೊಳೆಯದೆ ರೊಟ್ಟಿ ಮುಟ್ಟಬಾರದು.

ಸ್ವಲ್ಪ ಹೊತ್ತಾದ ಮೇಲೆ ಯಂಕವ್ವನ ಗಡಿಗೆ ಅಲುಗಲೊಲ್ಲದು. ಬೀರಪ್ಪ ಅತ್ತ ಹೊರಟ. ಅವನಿಗಿಂತ ಮೊದಲು ಯಮನಪ್ಪನ ಹೆಂಡತಿ ಉಡಚವ್ವ ಎದ್ದು ಹೋದಳು.

"ಗಡಿಗಿ ತುಂಬ ಹಾಕಬ್ಯಾಡ್ರಿ ಅತ್ತಿ. ಅರ್ಧಾ ಹಾಕ್ರಿ. ಕಾಳಿಗೆ ಹೊಳ್ಳಾಕ ಜಾಗಾ ಬೇಕ್ರಿ," ಎಂದಳು.

ಅದು ಬೀರಪ್ಪನ ಮಾತು. ಐದು ವರ್ಷ ಮನೆ ಮನೆಗೆ ಹೋಗಿ ಅವನು ಹೇಳಿದ್ದ ಮಾತು. ಈಗ ಉಡಚವ್ವನ ಬಾಯಲ್ಲಿ ಬಂತು. ಬೀರಪ್ಪ ನಿಂತಲ್ಲಿಯೇ ನಿಂತ. ಸಾವಕ್ಕ ಗಂಡನ ಮುಖ ನೋಡಿದಳು. ಕಳೆದ ಆರು ತಿಂಗಳಲ್ಲಿ ಆ ಮುಖದಲ್ಲಿ ಅಂಥ ಕಳೆ ಅವಳು ಕಂಡಿರಲಿಲ್ಲ. ಅವಳಿಗೆ ಅಳುವಷ್ಟು ಸಂತೋಷವಾಯಿತು. ಹೆಂಗಸರ ನಡುವೆ ಅಳುವುದೆಂತು ಎಂದು ಚಹಾ ಕಾಸಲು ಒಳಗೆ ಹೋದಳು. ಒಲೆಯ ಮುಂದೆ ಆಗಲೇ ಬೇರೆ ಯಾರೋ ಕೂತು ಚಹಾ ಕಾಸುತ್ತಿದ್ದರು.

ಹೊತ್ತು ಇಳಿಯುವುದರೊಳಗೆ ಎಂಟು ಎಕರೆಯೂ ಬಿತ್ತಿ ಮುಗಿಯಿತು. ಮಣ್ಣಿನಲ್ಲಿ ಹದವಿತ್ತು. ಐದನೆಯ ದಿನಕ್ಕೆ ಮೊಳಕೆ ಸಾಲುಸಾಲಾಗಿ ಎದ್ದವು.

ಮುಂದೆ ಸುಗ್ಗಿ ಬಂತು. ಕೊಯ್ಲಿನ ಮೊದಲ ದಿನ ಯಮನಪ್ಪ ಗೇಣುದ್ದದ ಬಿಳೀ ತೆನೆ ತಂದು ಬೀರಪ್ಪನ ಕೈಯಲ್ಲಿಟ್ಟ. "ನೋಡು ನಿನ್ನ ಕೂಸು," ಎಂದ. ಇದನ್ನು ಹೇಳಿಕೊಟ್ಟವರು ಯಾರೆಂದು ಸಾವಕ್ಕನಿಗೆ ಗೊತ್ತಿತ್ತು, ಸುಮ್ಮನಿದ್ದಳು. ಇನ್ನೊಬ್ಬರ ಹೊಲದ ಒಂದು ಮೂಲೆಯಲ್ಲಿ ನಾಲ್ಕು ತೆನೆಗೆ ಕಾಡಿಗೆ ಬಿದ್ದಿತ್ತು. ಅವರೂ ಮುಚ್ಚಿಡದೆ ತಂದು ತೋರಿಸಿದರು. ಗಂಧಕಕ್ಕೆ ನೀರು ತಾಗಿತ್ತೆಂದು ಬೀರಪ್ಪ ಕೇಳಿ ತಿಳಿದುಕೊಂಡ. ಕೆಟ್ಟ ತೆನೆ ಕಂಡೂ ಅವನಿಗೆ ಬೇಜಾರಾಗಲಿಲ್ಲ. ತನ್ನನ್ನು ಕೇಳುವವರಿದ್ದಾರೆ, ತನಗೆ ಹೇಳುವವರಿದ್ದಾರೆ ಎಂಬುದೇ ಅವನಿಗೆ ದೊಡ್ಡದಾಗಿತ್ತು.

ಆ ವಾರ ಹುಬ್ಬಳ್ಳಿ ಸಂತೆಯಲ್ಲಿ ಬೀರಪ್ಪನಿಗೆ ಹಳೇ ಗೆಳೆಯ ಹುಲಗಪ್ಪ ಸಿಕ್ಕ. ಅದೇ ಶಿಬಿರದಲ್ಲಿ ಕಲಿತವನು, ಮೂರು ಹರದಾರಿ ಆಚೆಯ ಊರವನು. ಬೀರಪ್ಪ ಅವನನ್ನು ಮನೆಗೆ ಊಟಕ್ಕೆ ಕರೆತಂದ. ಊಟದಲ್ಲಿ ಹುಲಗಪ್ಪ ಹೇಳಿದ: "ನಾ ಎಲ್ಲಾ ಬಿಟ್ಟೆ ಮಾರಾಯ. ಜೀಪು ನಿಂತ ದಿನಾನ ನನ್ನ ಉಮೇದಿ ನಿಂತಹೋತು. ನಮ್ಮೂರ ಜೋಳಾ ಈ ವರ್ಷ ಮತ್ತ ಕರ್ರಗಾಗೈತಿ. ನೋಡಾಕ ಆಗವಲ್ದು. ಮತ್ತ ಚಾಲೂ ಮಾಡೂಣಂದ್ರ ಮನ್ಯಾಗಿನಾಕಿ ಸುತಾರಾಂ ಒಲ್ಲೆ ಅಂತಾಳ. 'ಊರು ಉಪಕಾರ ಅರೀದು, ಹೆಣಾ ಶೃಂಗಾರ ಅರೀದು' ಅಂತ ಗಾದಿ ಹೇಳತಾಳ."

ಬೀರಪ್ಪ ಹೆಂಡತಿಯ ಕಡೆ ನೋಡಿ ನಕ್ಕ. ಸಾವಕ್ಕ ನಗಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಆಕಿ ಹೇಳೂದು ಖರೇ ಐತಿ ಅಣ್ಣಾ," ಎಂದಳು. "ನಿಮ್ಮ ಹೊಲದಾಗಿನ ಕಳೀ ಆಕಿ ಒಬ್ಬಾಕಿನ ತಗದಾಳ. ಆಕೀಗೆ ಯಾರೂ ಏನೂ ಕೇಳಿಲ್ಲ. ನೀವೂ ಕೇಳಿಲ್ಲ."

"ಇಲ್ಲ ತಂಗಿ, ಕೇಳಿಲ್ಲ," ಎಂದ ಹುಲಗಪ್ಪ.

"ಏನ್ರಿ," ಎಂದಳು ಸಾವಕ್ಕ ಗಂಡನಿಗೆ, "ನಾಳೆ ಗಾಡಿ ಹೂಡ್ರಿ. ಅಣ್ಣಾರ ಊರಿಗೆ ಹೋಗೂಣು."

"ನೀನೂ ಬರತೀಯೇನು?" ಬೀರಪ್ಪ ಬೆರಗಾದ. "ಅಲ್ಲಿ ಎರಡು ದಿನ ಆಗತೈತಿ. ನಮ್ಮ ಮನಿ, ಎತ್ತು, ಎಮ್ಮಿ?"

"ಕರೀಮಾಬಿ ಯಕ್ಕ ಅದಾಳ, ಉಡಚವ್ವ ಅದಾಳ. ನೀವು ಅಲ್ಲಿ ಮಂದಿಗೆ ಬೀಜದ ಮಾತು ಹೇಳ್ರಿ. ನಾ ಆಕೀ ಕೂಡ ಕುಂತು ಮಾತಾಡತೇನಿ. ಆಮ್ಯಾಲ ಆ ಊರ ಹಿರ್ಯಾರ ಕೂಡನೂ ಮಾತಾಡತೇನಿ."

ಮರುದಿನ ಗಾಡಿ ಹೊರಟಿತು. ಬೀರಪ್ಪ ಎತ್ತಿನ ಹಗ್ಗ ಹಿಡಿದಿದ್ದ. ಸಾವಕ್ಕನ ಮಾತು ಊರ ಅಗಸಿ ಬಾಗಿಲು ದಾಟುವ ಮೊದಲೇ ಶುರುವಾಗಿತ್ತು.

ಕೂತು ಕೇಳಿದ ಅಣ್ಣಂದಿರೆ, ಅಕ್ಕ-ತಂಗಿಯರೆ, ನಿಮ್ಮ ಊರಿನಲ್ಲಿಯೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬೀಜದ ಮಾತೋ, ಗೊಬ್ಬರದ ಮಾತೋ ಕಲಿತು ಬಂದು ನಿಮಗೆ ಪುಕ್ಕಟೆ ಕಲಿಸಿದವರು. ಯೋಜನೆಗಳು ಬರುತ್ತವೆ, ಮುದ್ದತ್ತು ಮುಗಿದು ಹೋಗುತ್ತವೆ. ಆ ಮನುಷ್ಯ ಮಾತ್ರ ನಿಮ್ಮ ಓಣಿಯಲ್ಲಿಯೇ ಇರುತ್ತಾನೆ. ಅವನು ಹೇಳಿಕೊಟ್ಟದ್ದನ್ನು ನಿಮ್ಮ ಕೈಯಿಂದಲೇ ಮಾಡಿ, ಇನ್ನಿಬ್ಬರಿಗೆ ತೋರಿಸಿ. ಬೆಳೆ ಚೆನ್ನಾಗಿ ಬಂದರೆ ಹೋಗಿ ಹೇಳಿ, ಬಾರದಿದ್ದರೂ ಹೋಗಿ ಹೇಳಿ. ಸುತ್ತಿನ ಊರುಗಳ ಅವನಂಥವರ ಜೊತೆ ಸಂತೆಯ ದಿನವಾದರೂ ಕೂತು ಮಾತಾಡಲು ಅವನಿಗೆ ಪುರುಸೊತ್ತು ಮಾಡಿಕೊಡಿ. ಅವನ ಮನೆಯ ಹೆಣ್ಣುಮಗಳನ್ನು ಮರೆಯಬೇಡಿ, ಅವನ ಕಲಿಸುವ ಕೆಲಸದ ಅರ್ಧ ಭಾರ ಅವಳ ಹೆಗಲ ಮೇಲಿದೆ.

ಈ ಸಲ ಮಳೆ ಬಿದ್ದ ಮರುದಿನ ಬೀಜದ ಚೀಲ ಹೊತ್ತು ಅವರ ಬಾಗಿಲಿಗೆ ಹೋಗುತ್ತೀರಲ್ಲ, ಚೀಲ ಇಳಿಸುವ ಮೊದಲು ಒಂದು ಮಾತು ಕೇಳಿ: "ನಿಮ್ಮ ಹೊಲಾ ಬಿತ್ತಿದ್ದಾತೇನ್ರಿ?"